ಗ್ಲೌಸ್ ಹುಟ್ಟಿದ್ದು ಒಬ್ಬ ನರ್ಸಿನ ಕೈಗಾಗಿ

ಭಾಗ 1

ಹೋದ ಸಲ ಆಪರೇಷನ್ನಿನ ಹೊಲಿಗೆ ದಾರದ ಬಗ್ಗೆ ಬರೆದದ್ದಕ್ಕೆ ತುಂಬಾ ಜನ ಕಾಮೆಂಟ್ ಹಾಕಿದ್ದೀರಿ, ಖುಷಿಯಾಯಿತು. ಅದರಲ್ಲಿ ನಮ್ಮ ಭಾವ ಕೇಳಿದ ಒಂದು ಪ್ರಶ್ನೆಗೆ ಮಾತ್ರ ಒಂದು ಸಾಲಿನಲ್ಲಿ ಉತ್ತರ ಕೊಡಲು ಆಗಲಿಲ್ಲ. "ನೀನು ಹಾಕುವ ಫೋಟೋದಲ್ಲೆಲ್ಲ ನೀಲಿ ಗ್ಲೌಸೇ ಕಾಣುದು. ನಾವಿಲ್ಲಿ ಬೆಳಕು ಹರಿಯುವ ಮೊದಲೇ ಎದ್ದು ಟ್ಯಾಪಿಂಗಿಗೆ ಹೋಗುದು ಎಂತಕ್ಕೆ? ಜರ್ಮನಿಯವರಿಗೆ ನಮ್ಮ ರಬ್ಬರ್ ಆಗುದಿಲ್ವಾ?"

ಪ್ರಶ್ನೆ ತಮಾಷೆಯದ್ದಾದರೂ ಉತ್ತರ ದೊಡ್ಡದುಂಟು. ಇಲ್ಲಿ ನಮ್ಮ ವಾರ್ಡಿನ ಗೋಡೆಗೆ ಸಿಕ್ಕಿಸಿದ ಗ್ಲೌಸ್ ಡಬ್ಬಿಯ ಮೇಲೆ "ಲಾಟೆಕ್ಸ್‌ಫ್ರೈ" ಎಂದು ದೊಡ್ಡದಾಗಿ ಬರೆದಿರುತ್ತದೆ. ಹುರಿಯುವ ಫ್ರೈ ಅಲ್ಲ ಮಾರಾಯ್ರೆ, ಜರ್ಮನ್ ಭಾಷೆಯಲ್ಲಿ "ಲೇಟೆಕ್ಸ್ ಇಲ್ಲದ್ದು" ಎಂದು ಅರ್ಥ. ಲೇಟೆಕ್ಸ್ ಅಂದರೆ ನಮ್ಮ ರಬ್ಬರ್ ಹಾಲೇ. ನಾವು ಗೆರಟೆಯಲ್ಲಿ ಹಿಡಿಯುವ ಹಾಲು ಇದರಲ್ಲಿ ಇಲ್ಲ ಎನ್ನುವುದನ್ನು ಇವರು ಒಂದು ಗುಣದ ಹಾಗೆ ಡಬ್ಬಿಯ ಮೇಲೆ ಹಾಕಿಕೊಳ್ಳುತ್ತಾರೆ.

ಅದು ಯಾಕೆ ಹಾಗಾಯಿತು ಎಂದು ಹೇಳಬೇಕಾದರೆ 1889ಕ್ಕೆ ಹೋಗಬೇಕು. ಆಪರೇಷನ್ನಿನ ರಬ್ಬರ್ ಗ್ಲೌಸ್ ಶುರುವಾದದ್ದು ರೋಗಿಗೆ ಇನ್ಫೆಕ್ಷನ್ ಆಗಬಾರದು ಅಂತ ಅಲ್ಲ. ಒಬ್ಬ ನರ್ಸಿನ ಕೈ ಒಡೆದು ತುರಿಕೆಯಾಗುತ್ತಿತ್ತು ಅಂತ. ಸುಮಾರು ನೂರು ವರ್ಷ ಕಳೆದ ಮೇಲೆ ಅದೇ ಗ್ಲೌಸಿನಿಂದ ಸಾವಿರಾರು ನರ್ಸುಗಳ ಕೈ ತುರಿಸಲು ಶುರುವಾಯಿತು. ಮೊದಲ ತುರಿಕೆಗೆ ಬೇಗ ಪರಿಹಾರ ಸಿಕ್ಕಿತು, ಎರಡನೆಯದಕ್ಕೆ ಬಹಳ ವರ್ಷ ಹಿಡಿಯಿತು. ಇವತ್ತಿನ ಕಥೆ ಅದು. ಉದ್ದ ಉಂಟು, ಚಹಾ ಇಟ್ಟುಕೊಂಡು ಓದಿ.

ಭಾಗ 2

ಗ್ಲೌಸ್ ಬರುವ ಮೊದಲು ಸರ್ಜನ್ನುಗಳು ಬರಿಗೈಯಲ್ಲೇ ಹೊಟ್ಟೆ ಕೊಯ್ಯುತ್ತಿದ್ದರು. 1847ರಲ್ಲಿ ವಿಯೆನ್ನಾದ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ಡಾಕ್ಟರು, ಹೆಣ ಕೊಯ್ದ ಕೈಯಲ್ಲೇ ಬಂದು ಹೆರಿಗೆ ಮಾಡಿಸುವುದರಿಂದ ಬಾಣಂತಿಯರು ಸಾಯುತ್ತಿದ್ದಾರೆ ಎಂದು ಕಂಡುಹಿಡಿದು, ಕ್ಲೋರಿನ್ ನೀರಲ್ಲಿ ಕೈ ತೊಳೆಸಿದರು. 1867ರಲ್ಲಿ ಬ್ರಿಟನ್ನಿನ ಜೋಸೆಫ್ ಲಿಸ್ಟರ್ ಕಾರ್ಬಾಲಿಕ್ ಆ್ಯಸಿಡ್ ಹಾಕಿ ಗಾಯ ಕೀವಾಗದಂತೆ ತಡೆಯುವ ವಿಧಾನವನ್ನು ಪ್ರಕಟಿಸಿದರು. ಅಲ್ಲಿಂದ ಮುಂದೆ ಆಪರೇಷನ್ ಅಂದರೆ ಕೆಮಿಕಲ್ಲುಗಳದ್ದೇ ರಾಜ್ಯ. ಕೈ, ಕತ್ತರಿ, ಬಟ್ಟೆ ಎಲ್ಲವೂ ಅದರಲ್ಲಿ ಅದ್ದಿ ತೆಗೆಯಬೇಕು.

ಅಮೆರಿಕದ ಬಾಲ್ಟಿಮೋರ್‌ನಲ್ಲಿ 1889ರಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ ಶುರುವಾಯಿತು. ಅಲ್ಲಿನ ಸರ್ಜನ್ ವಿಲಿಯಂ ಹಾಲ್‌ಸ್ಟೆಡ್. ಇವತ್ತಿಗೂ ಸರ್ಜರಿ ಓದುವವರೆಲ್ಲ ಕೇಳುವ ಹೆಸರು. ಅವರ ಥಿಯೇಟರಿನ ಮುಖ್ಯ ನರ್ಸ್ ಕ್ಯಾರೊಲಿನ್ ಹ್ಯಾಂಪ್ಟನ್. ಸೌತ್ ಕ್ಯಾರೊಲಿನಾದ ದೊಡ್ಡ ಜಮೀನ್ದಾರಿ ಮನೆತನದ ಹುಡುಗಿ. ಅಮೆರಿಕದ ಅಂತರ್ಯುದ್ಧದ ಹೊತ್ತಿಗೆ ತಂದೆ ತಾಯಿ ಇಬ್ಬರನ್ನೂ ಕಳಕೊಂಡು ಅತ್ತೆಯಂದಿರ ಮನೆಯಲ್ಲಿ ಬೆಳೆದವರು. ನ್ಯೂಯಾರ್ಕಿಗೆ ಹೋಗಿ ನರ್ಸಿಂಗ್ ಕಲಿತು ಇಲ್ಲಿಗೆ ಬಂದಿದ್ದರು.

ಥಿಯೇಟರಿನಲ್ಲಿ ಕೈ ಶುದ್ಧ ಮಾಡುವ ಕ್ರಮ ಕೇಳಿದರೆ ಈಗ ಭಯವಾಗುತ್ತದೆ. ಸೋಪಿನಲ್ಲಿ ಉಜ್ಜಿ, ಪೊಟ್ಯಾಸಿಯಂ ಪರ್ಮಾಂಗನೇಟಿನಲ್ಲಿ ಅದ್ದಿ, ಆ ಬಣ್ಣ ಹೋಗಲು ಆಕ್ಸಾಲಿಕ್ ಆ್ಯಸಿಡ್, ಕೊನೆಗೆ ಮರ್ಕ್ಯೂರಿಕ್ ಕ್ಲೋರೈಡ್. ಅದು ಪಾದರಸದ ಉಪ್ಪು, ಚರ್ಮ ಸುಡುವಂಥ ವಿಷ. ದಿನಾ ಇದರಲ್ಲಿ ಕೈ ಅದ್ದಿ ಅದ್ದಿ ಕ್ಯಾರೊಲಿನ್ ಅವರ ಕೈ ಮತ್ತು ತೋಳಿನ ಚರ್ಮ ಕೆಂಪಾಗಿ ಒಡೆಯಿತು. ಅವರು ಹಾಲ್‌ಸ್ಟೆಡ್ ಹತ್ತಿರ ಹೇಳಿದರು.

ಮುಂದೆ ಏನಾಯಿತು ಎಂಬುದನ್ನು ಹಾಲ್‌ಸ್ಟೆಡ್ ಅವರೇ 1913ರಲ್ಲಿ ಬರೆದಿದ್ದಾರೆ. ಅವರು ಅಸಾಧಾರಣ ಕೆಲಸಗಾರ್ತಿಯಾದ ಕಾರಣ ಈ ವಿಷಯವನ್ನು ಯೋಚನೆ ಮಾಡಿದೆ, ನ್ಯೂಯಾರ್ಕಿಗೆ ಹೋದಾಗ ಗುಡ್‌ಇಯರ್ ರಬ್ಬರ್ ಕಂಪನಿಯವರಿಗೆ ಹೇಳಿ ಪ್ರಯೋಗಕ್ಕೆಂದು ಎರಡು ಜೊತೆ ತೆಳು ಗ್ಲೌಸ್ ಮಾಡಿಸಿದೆ ಎಂದು. ಇದು 1889-90ರ ಚಳಿಗಾಲದ ಮಾತು. ಈಗಿನ ಟಯರಿನ ಗುಡ್‌ಇಯರ್ ಅಲ್ಲ, ಆ ಕಂಪನಿ ಹುಟ್ಟಿದ್ದೇ 1898ರಲ್ಲಿ. ಎರಡಕ್ಕೂ ಹೆಸರು ಬಂದದ್ದು ಚಾರ್ಲ್ಸ್ ಗುಡ್‌ಇಯರ್ ಎಂಬವರಿಂದ. ರಬ್ಬರಿಗೆ ಗಂಧಕ ಸೇರಿಸಿ ಬಿಸಿ ಮಾಡಿದರೆ ಸೆಕೆಗೆ ಅಂಟಾಗುವುದಿಲ್ಲ, ಚಳಿಗೆ ಗಟ್ಟಿಯಾಗುವುದಿಲ್ಲ ಎಂದು 1839ರಲ್ಲಿ ಕಂಡುಹಿಡಿದವರು. ಆಗ ನಮ್ಮ ಕಡೆ ಒಂದು ರಬ್ಬರ್ ತೋಟವೂ ಇರಲಿಲ್ಲ. ಲೋಕದ ರಬ್ಬರಿನ ಹೆಚ್ಚಿನ ಪಾಲು ಅಮೆಜಾನ್ ಕಾಡಿನ ಮರಗಳಿಂದ ಬರುತ್ತಿತ್ತು.

ಗ್ಲೌಸ್ ಬಂತು, ತುರಿಕೆ ನಿಂತಿತು. 1890ರ ಜೂನಿನಲ್ಲಿ ಹಾಲ್‌ಸ್ಟೆಡ್ ಮತ್ತು ಕ್ಯಾರೊಲಿನ್ ಮದುವೆಯಾದರು. ಹೌದು, ನೀವು ಯೋಚಿಸಿದ್ದು ಸರಿ! "ಪ್ರೀತಿಯಿಂದ ಹುಟ್ಟಿದ ಗ್ಲೌಸ್" ಎಂದು ನಮ್ಮ ನರ್ಸಿಂಗ್ ಕ್ಲಾಸಿನಲ್ಲೂ ಹೇಳಿ ನಗಿಸುತ್ತಿದ್ದರು. ಮದುವೆಯ ಬಳಿಕ ಕ್ಯಾರೊಲಿನ್ ಥಿಯೇಟರ್ ಬಿಟ್ಟರು. ಕೊನೆಗೆ 1922ರ ಸೆಪ್ಟೆಂಬರಿನಲ್ಲಿ ಗಂಡ ತೀರಿಕೊಂಡರು, ನವೆಂಬರಿನಲ್ಲಿ ಹೆಂಡತಿ. ಅಷ್ಟರಲ್ಲಿ ಅವರ ಗ್ಲೌಸ್ ಲೋಕವೆಲ್ಲ ಸುತ್ತಿತ್ತು.

ಭಾಗ 3

ಅವರು ಥಿಯೇಟರ್ ಬಿಟ್ಟರೂ ಗ್ಲೌಸ್ ಬಿಡಲಿಲ್ಲ. ಕತ್ತರಿ, ಸೂಜಿ ಎತ್ತಿ ಕೊಡುವ ಅಸಿಸ್ಟೆಂಟುಗಳು ಕೈ ಉಳಿಸಿಕೊಳ್ಳಲು ಹಾಕತೊಡಗಿದರು. ಬರಿಗೈಗಿಂತ ಗ್ಲೌಸ್ ಹಾಕಿದಾಗಲೇ ಕೆಲಸ ಚೆನ್ನಾಗಿ ಆಗುತ್ತದೆ ಎಂದು ಅವರಿಗೆ ಅನಿಸಿತು. ಕೊಯ್ಯುವ ಸರ್ಜನ್ ಮಾತ್ರ ಬರಿಗೈಯಲ್ಲೇ! ಕೀವು ಮಾಡುವ ಕ್ರಿಮಿ ರೋಗಿಯ ಒಳಗೆ ಹೋಗುವುದು ಅವರ ಕೈಯಿಂದಲೇ ಎಂಬುದು ಹಾಲ್‌ಸ್ಟೆಡ್ ಅವರಿಗೂ ಹಲವು ವರ್ಷ ಹೊಳೆಯಲಿಲ್ಲ. ಆಮೇಲೆ ಅವರೇ ಇದನ್ನು ಆಶ್ಚರ್ಯದಿಂದ ನೆನಪಿಸಿಕೊಂಡಿದ್ದಾರೆ.

ಲೆಕ್ಕ ಹಾಕಿ ತೋರಿಸಿದ್ದು ಅವರ ಶಿಷ್ಯ ಜೋಸೆಫ್ ಬ್ಲಡ್‌ಗುಡ್. 1890ರ ದಶಕದ ಮಧ್ಯದಲ್ಲಿ ಸರ್ಜನ್ನೂ ಸೇರಿ ಎಲ್ಲರೂ ಗ್ಲೌಸ್ ಹಾಕುವ ಪದ್ಧತಿ ತಂದರು. 1899ರಲ್ಲಿ 459 ಹರ್ನಿಯಾ ಆಪರೇಷನ್ನುಗಳ ವರದಿ ಪ್ರಕಟಿಸಿದರು. ಗ್ಲೌಸ್ ಇಲ್ಲದಿದ್ದಾಗ ನೂರರಲ್ಲಿ 17ರಷ್ಟು ಗಾಯಗಳು ಕೀವಾಗುತ್ತಿದ್ದದ್ದು, ಗ್ಲೌಸ್ ಬಂದ ಮೇಲೆ 2ಕ್ಕಿಂತ ಕೆಳಗೆ ಇಳಿದಿತ್ತು. ಆಂಟಿಬಯಾಟಿಕ್ ಇಲ್ಲದ ಕಾಲ ಅದು, ನೆನಪಿಡಿ.

ಅದೇ ಹೊತ್ತಿಗೆ ಯುರೋಪಿನಲ್ಲೂ ಹುಡುಕಾಟ ನಡೆದಿತ್ತು. ಆಗ ಜರ್ಮನಿಗೆ ಸೇರಿದ್ದ ಬ್ರೆಸ್ಲಾವ್ ಊರಿನಲ್ಲಿ ಮಿಕುಲಿಚ್ ಎಂಬ ಸರ್ಜನ್ ಹತ್ತಿಯ ಗ್ಲೌಸ್ ಹಾಕಿ, ಒದ್ದೆಯಾದ ಹಾಗೆಲ್ಲ ಬದಲಿಸುತ್ತಿದ್ದರು. ಈಗಿನ ಎಸ್ಟೋನಿಯಾದ ಟಾರ್ಟುವಿನಲ್ಲಿ ಝೋಗೆ ಫಾನ್ ಮಾಂಟೊಯ್ಫೆಲ್ ಎಂಬವರು ರಬ್ಬರ್ ಗ್ಲೌಸನ್ನು ಕುದಿಸಿ ಹಾಕಿಕೊಳ್ಳಿ ಎಂದು 1897ರಲ್ಲಿ ಬರೆದರು. ಕೈಯನ್ನು ಕುದಿಸಲಿಕ್ಕೆ ಆಗುವುದಿಲ್ಲ, ಗ್ಲೌಸನ್ನು ಕುದಿಸಬಹುದು. ಇಡೀ ವಿಷಯ ಇಷ್ಟೇ ನೋಡಿ.

ಭಾಗ 4

ಈಗ ಪೌಡರಿನ ವಿಷಯಕ್ಕೆ ಬರುವ. ಮಳೆಗಾಲದಲ್ಲಿ ಒದ್ದೆ ಕೈಗೆ ರಬ್ಬರ್ ಗ್ಲೌಸ್ ಹಾಕಿ ನೋಡಿ, ಬೆರಳು ಒಳಗೇ ಹೋಗುವುದಿಲ್ಲ. ಅದಕ್ಕೆ ಒಳಗೆ ಪೌಡರ್ ಬೇಕು. ಆಗೆಲ್ಲ ಒಂದು ಸಲ ಹಾಕಿ ಬಿಸಾಡುವ ಗ್ಲೌಸ್ ಇರಲಿಲ್ಲ, ಅದು ಬಂದದ್ದು 1960ರ ದಶಕದಲ್ಲಿ. ನಮ್ಮ ಊರಿನ ಹಿರಿಯ ಸಿಸ್ಟರುಗಳಿಗೆ ಇದು ಚೆನ್ನಾಗಿ ಗೊತ್ತುಂಟು. ಗ್ಲೌಸ್ ತೊಳೆಯುವುದು, ಗಾಳಿ ತುಂಬಿಸಿ ತೂತು ಉಂಟಾ ನೋಡುವುದು, ಒಣಗಲು ಹಾಕುವುದು, ಒಳಗೂ ಹೊರಗೂ ಪೌಡರ್ ಹಚ್ಚುವುದು, ತುದಿ ಮಡಚಿ ಬಟ್ಟೆಯಲ್ಲಿ ಕಟ್ಟಿ ಆಟೋಕ್ಲೇವಿಗೆ ಇಡುವುದು. ನಾನು ಬಿಎಸ್ಸಿ ಓದುವಾಗ ಕೂಡ ಇದು ಪುಸ್ತಕದಲ್ಲಿತ್ತು, ಪರೀಕ್ಷೆಗೂ ಬರುತ್ತಿತ್ತು.

ಮೊದಮೊದಲು ಹಚ್ಚುತ್ತಿದ್ದದ್ದು ಲೈಕೊಪೋಡಿಯಂ ಎಂಬ ಗಿಡದ ಬೀಜಕಣಗಳ ಪುಡಿ, ಮತ್ತೆ ಟಾಲ್ಕ್. ಟಾಲ್ಕ್ ಅಂದರೆ ಒಂದು ಕಲ್ಲಿನ ಪುಡಿ. ಅದು ಹೊಟ್ಟೆಯೊಳಗೆ ಬಿದ್ದರೆ ಶರೀರ ಅದನ್ನು ಕರಗಿಸಲಾರದು. ಸುತ್ತ ಗಂಟು ಕಟ್ಟುತ್ತದೆ, ಕರುಳುಗಳನ್ನು ಒಂದಕ್ಕೊಂದು ಅಂಟಿಸುತ್ತದೆ. 1930-40ರ ದಶಕಗಳಲ್ಲಿ ಇಂಥ ಕೇಸುಗಳ ವರದಿ ಒಂದರ ಹಿಂದೆ ಒಂದು ಬಂತು. 1947ರಲ್ಲಿ ಲೀ ಮತ್ತು ಲೇಮನ್ ಎಂಬಿಬ್ಬರು ಅಮೆರಿಕನ್ನರು ಇದಕ್ಕೆ ಬದಲಾಗಿ ಜೋಳದ ಪಿಷ್ಟದ ಪುಡಿ ಬಳಸಬಹುದು ಎಂದು ತೋರಿಸಿದರು. ಜೋಳದ ಹಿಟ್ಟಲ್ವಾ, ಶರೀರ ಅದನ್ನು ಕರಗಿಸಿಬಿಡುತ್ತದೆ ಎಂದು ಎಲ್ಲರಿಗೂ ಸಮಾಧಾನವಾಯಿತು.

ಹೆಚ್ಚಿನವರಲ್ಲಿ ಕರಗುತ್ತಿತ್ತು. ಕೆಲವರಲ್ಲಿ ಕರಗಲಿಲ್ಲ. 1950ರ ದಶಕದಿಂದ ಈ ಅಪರೂಪದ ತೊಂದರೆಯ ವರದಿಗಳು ಬರತೊಡಗಿದವು. ಒಬ್ಬರಿಗೆ ಅಪೆಂಡಿಕ್ಸ್ ಆಪರೇಷನ್ ಆಗಿ ಎಲ್ಲ ಸರಿಯಾಗಿ ಮನೆಗೆ ಹೋಗಿರುತ್ತಾರೆ. ಎರಡು ಮೂರು ವಾರ ಕಳೆದು ಹೊಟ್ಟೆನೋವು, ಜ್ವರ, ಹೊಟ್ಟೆ ಉಬ್ಬರ. ಕರುಳು ಕಟ್ಟಿದೆಯೋ, ಒಳಗೆ ಕೀವಾಗಿದೆಯೋ ಎಂದು ಪುನಃ ಹೊಟ್ಟೆ ತೆರೆಯುತ್ತಾರೆ. ನೋಡಿದರೆ ಒಳಗೆಲ್ಲ ಅಕ್ಕಿನುಚ್ಚಿನ ಹಾಗೆ ಬಿಳಿ ಬಿಳಿ ಗಂಟು. ಟಿಬಿಯೋ, ಕ್ಯಾನ್ಸರ್ ಹರಡಿದ್ದೋ ಎಂದು ಸರ್ಜನ್ನಿಗೇ ಎದೆ ಧಸಕ್ಕೆನ್ನುವಂತೆ. ತುಂಡು ತೆಗೆದು ಒಂದು ವಿಶೇಷ ಬೆಳಕಿನ ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ಕಣಕಣದಲ್ಲೂ ಹೊಳೆಯುವ ಶಿಲುಬೆಯ ಆಕಾರ. ಅದು ಪಿಷ್ಟದ ಗುರುತು. ರೋಗಿಯನ್ನು ಎರಡನೇ ಸಲ ಕೊಯ್ಯುವಂತೆ ಮಾಡಿದ್ದು ಸರ್ಜನ್ನಿನ ಗ್ಲೌಸಿನ ಪೌಡರ್.

1971ರಲ್ಲಿ ಅಮೆರಿಕದ ಎಫ್‌ಡಿಎ, ಆಪರೇಷನ್ ಗ್ಲೌಸಿನ ಪ್ಯಾಕೆಟಿನ ಮೇಲೆ ಎಚ್ಚರಿಕೆ ಹಾಕಬೇಕು ಎಂದಿತು: ಹಾಕಿಕೊಂಡ ಮೇಲೆ ಪೌಡರನ್ನು ಒರೆಸಿ ತೆಗೆಯಿರಿ ಅಂತ. ಪೌಡರ್ ಹಾಕಬೇಡಿ ಎನ್ನಲಿಲ್ಲ, ಒರೆಸಿಕೊಳ್ಳಿ ಎಂದಿತು. ಈ ವರ್ಷವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಭಾಗ 5

ಇನ್ನೊಂದು ತೊಂದರೆ ರಬ್ಬರ್ ಹಾಲಿನಲ್ಲೇ ಇತ್ತು.

ನಿಮಗೆ ನನಗಿಂತ ಚೆನ್ನಾಗಿ ಗೊತ್ತು, ಹಾಲು ಬರುವುದು ಮರಕ್ಕೆ ಗಾಯ ಮಾಡಿದಾಗ. ಆ ಹಾಲಲ್ಲಿ ರಬ್ಬರ್ ಮಾತ್ರ ಇರುವುದಲ್ಲ. ಗಾಯ ಮುಚ್ಚಲು, ಶಿಲೀಂಧ್ರ ಬಾರದಂತೆ ತಡೆಯಲು ಮರ ತಾನೇ ತಯಾರಿಸಿದ ಪ್ರೋಟೀನುಗಳೂ ಇರುತ್ತವೆ. ಮರದ ಔಷಧಿ ಅದು. ಕೆಲವು ಮನುಷ್ಯರ ಶರೀರ ಅದನ್ನೇ ಶತ್ರು ಎಂದು ತಿಳಿದುಬಿಡುತ್ತದೆ. ತುರಿಕೆ, ದದ್ದು, ಕಣ್ಣು ಮೂಗಲ್ಲಿ ನೀರು, ದಮ್ಮು. ತುಂಬಾ ಜೋರಾದರೆ ಬಿಪಿ ಕುಸಿದು ಜೀವಕ್ಕೇ ಅಪಾಯ.

1927ರಲ್ಲೇ ಜರ್ಮನಿಯ ವೈದ್ಯ ಪತ್ರಿಕೆಯೊಂದರಲ್ಲಿ ರಬ್ಬರಿನಿಂದ ದದ್ದು, ಊತ ಬಂದ ಕೇಸ್ ಪ್ರಕಟವಾಗಿತ್ತು. ಆಮೇಲೆ ಅದನ್ನು ಹೆಚ್ಚಿನವರು ಮರೆತರು. 1979ರಲ್ಲಿ ಬ್ರಿಟನ್ನಿನಲ್ಲಿ ಮನೆಕೆಲಸದ ರಬ್ಬರ್ ಗ್ಲೌಸಿನಿಂದ ದದ್ದು ಬಂದ ಒಬ್ಬ ಮಹಿಳೆಯ ಬಗ್ಗೆ ನಟ್ಟರ್ ಎಂಬ ಡಾಕ್ಟರು ಬರೆದರು. ಒಂದೇ ಕೇಸ್, ಪುಟ್ಟ ವರದಿ. ಈಗ ಲೇಟೆಕ್ಸ್ ಅಲರ್ಜಿ ಬಗ್ಗೆ ಬರೆಯುವವರು ಹೆಚ್ಚಾಗಿ ಅಲ್ಲಿಂದಲೇ ಶುರು ಮಾಡುತ್ತಾರೆ.

ಆಗ ಬಂತು ಏಡ್ಸ್. ಯಾವ ರೋಗಿಗೆ ಎಚ್‌ಐವಿ ಉಂಟೆಂದು ನೋಡಿ ಹೇಳಲು ಆಗುವುದಿಲ್ಲ, ಹಾಗಾಗಿ ಎಲ್ಲರ ರಕ್ತವನ್ನೂ ಅಪಾಯದ್ದೆಂದೇ ತಿಳಿದು ಗ್ಲೌಸ್ ಹಾಕಿ ಎಂದು ಅಮೆರಿಕದ ಸಿಡಿಸಿ 1987ರಲ್ಲಿ ಹೇಳಿತು. ಸರಿಯಾದ ಮಾತೇ. ಥಿಯೇಟರಿನಲ್ಲಿ ಮಾತ್ರ ಇದ್ದ ಗ್ಲೌಸ್ ವಾರ್ಡಿಗೆ, ಲ್ಯಾಬಿಗೆ, ಹಲ್ಲಿನ ಡಾಕ್ಟರಲ್ಲಿಗೆ ಎಲ್ಲ ಕಡೆ ಬಂತು. ಅಷ್ಟು ಬೇಡಿಕೆ ಪೂರೈಸುವ ಅವಸರದಲ್ಲಿ ಕೆಲವು ಕಡೆ ಗ್ಲೌಸನ್ನು ಸಾಕಷ್ಟು ತೊಳೆಯದೆ ಕಳಿಸಿದ್ದರಿಂದ ಅದರಲ್ಲಿ ಪ್ರೋಟೀನ್ ಹೆಚ್ಚು ಉಳಿಯಿತು ಎನ್ನುತ್ತಾರೆ. ಪೌಡರಿಗೂ ಇದರಲ್ಲಿ ಪಾಲುಂಟು. ಪೌಡರಿನ ಕಣಕ್ಕೆ ರಬ್ಬರಿನ ಪ್ರೋಟೀನ್ ಅಂಟುತ್ತದೆ. ಗ್ಲೌಸ್ ಎಳೆದು ತೆಗೆಯುವಾಗ "ಫಟ್" ಎಂದು ಹಾರುವ ಬಿಳಿ ಹುಡಿ ಉಂಟಲ್ವಾ, ಅದು ಕೋಣೆಯ ಗಾಳಿಯಲ್ಲಿ ತೇಲುತ್ತದೆ. ಗ್ಲೌಸ್ ಮುಟ್ಟದವರೂ ಅದನ್ನು ಉಸಿರಾಡುತ್ತಾರೆ.

1997ರಲ್ಲಿ ಅಮೆರಿಕದ ಕಾರ್ಮಿಕ ಆರೋಗ್ಯ ಸಂಸ್ಥೆ ನಿಯೋಶ್ ಎಚ್ಚರಿಕೆ ಕೊಟ್ಟಾಗ, ನಿತ್ಯ ಲೇಟೆಕ್ಸ್ ಬಳಸುವ ಆರೋಗ್ಯ ಸಿಬ್ಬಂದಿಯಲ್ಲಿ ನೂರಕ್ಕೆ 8ರಿಂದ 12 ಜನರ ಶರೀರ ಇದಕ್ಕೆ ತಿರುಗಿಬಿದ್ದಿದೆ ಎಂದು ಲೆಕ್ಕ ಹೇಳಿತ್ತು. ರೋಗಿಗಳಿಗೂ ಅಪಾಯವಿತ್ತು. ಲೇಟೆಕ್ಸ್ ಬಲೂನಿನ ಬೇರಿಯಂ ಎನಿಮಾ ನಳಿಕೆಯಿಂದ ಕೆಲವರು ಸತ್ತ ಮೇಲೆ 1991ರಲ್ಲಿ ಎಫ್‌ಡಿಎ ವೈದ್ಯರಿಗೆಲ್ಲ ಎಚ್ಚರಿಕೆ ಕಳಿಸಿತು. ಹುಟ್ಟುವಾಗಲೇ ಬೆನ್ನುಹುರಿಯ ತೊಂದರೆ ಇದ್ದು, ಸಣ್ಣಂದಿನಿಂದ ಆಪರೇಷನ್, ಕೆಥೆಟರ್ ಎಂದು ಮತ್ತೆ ಮತ್ತೆ ರಬ್ಬರ್ ತಾಗಿಸಿಕೊಂಡ ಮಕ್ಕಳಲ್ಲಿ ಈ ಅಲರ್ಜಿ ಬಹಳ ಹೆಚ್ಚು ಕಂಡುಬಂತು.

ಅಂಕಿಅಂಶ ಬಿಡಿ. ನಮ್ಮಲ್ಲಿ ಒಬ್ಬರು ಹಿರಿಯ ಸಿಸ್ಟರ್ ಇದ್ದಾರೆ. ಎಳೆ ಪ್ರಾಯದಲ್ಲಿ ಥಿಯೇಟರ್ ನರ್ಸ್ ಆಗಿದ್ದವರು, ಆ ಕೆಲಸ ಅಂದರೆ ಅವರಿಗೆ ಪ್ರಾಣ. ಮೊದಲು ಬೆರಳ ಸಂದಿಯಲ್ಲಿ ತುರಿಕೆ. ಸೋಪಿನದ್ದು ಎಂದು ಕ್ರೀಂ ಹಚ್ಚಿದರು. ಮತ್ತೆ ಡ್ಯೂಟಿಗೆ ಬಂದರೆ ಸೀನು, ರಜೆಯಲ್ಲಿ ಆರಾಮ. ಕೊನೆಗೆ ಒಂದು ದಿನ ಆಪರೇಷನ್ ನಡೆಯುತ್ತಿರುವಾಗಲೇ ಉಸಿರು ಕಟ್ಟಿತು. ಪರೀಕ್ಷೆಯಲ್ಲಿ ಲೇಟೆಕ್ಸ್ ಅಲರ್ಜಿ ಎಂದು ಬಂತು, ಥಿಯೇಟರ್ ಬಿಡಬೇಕಾಯಿತು. ಈಗಲೂ ಬ್ಯಾಗಿನಲ್ಲಿ ಅಡ್ರಿನಲಿನ್ ಇಂಜೆಕ್ಷನ್ ಇಟ್ಟುಕೊಂಡೇ ತಿರುಗುತ್ತಾರೆ. ಮಕ್ಕಳ ಬರ್ತ್‌ಡೇಗೆ ಕರೆದರೆ "ಬಲೂನ್ ಕಟ್ಟಿದ್ದೀರಾ?" ಎಂದು ಮೊದಲು ಕೇಳುತ್ತಾರೆ.

ಭಾಗ 6

ಜರ್ಮನಿಯವರು ಈ ವಿಷಯದಲ್ಲಿ ಬೇಗ ಎಚ್ಚೆತ್ತರು. ಇಲ್ಲಿ ಕೆಲಸದಿಂದ ಬರುವ ಕಾಯಿಲೆಗೆ ಪರಿಹಾರ ಕೊಡುವ ವಿಮಾ ಸಂಸ್ಥೆಗಳಿವೆ. ನರ್ಸುಗಳ ದೂರು ಅವರಲ್ಲಿ ಫೈಲಾಗಿ ಸೇರುತ್ತಾ ಹೋದಾಗ ಎಷ್ಟು ಜನರಿಗೆ ತೊಂದರೆಯಾಗುತ್ತಿದೆ ಎಂದು ಲೆಕ್ಕ ಸಿಕ್ಕಿತು. 1998ರ ಹೊತ್ತಿಗೆ ಪೌಡರ್ ಇರುವ ಲೇಟೆಕ್ಸ್ ಗ್ಲೌಸ್ ಕೂಡದು, ಪೌಡರ್ ಇಲ್ಲದ, ಪ್ರೋಟೀನ್ ಕಡಿಮೆ ಇರುವುದನ್ನೇ ಬಳಸಬೇಕು ಎಂಬ ನಿಯಮ ಜಾರಿಗೆ ಬಂತು. ಅಲ್ಲಿಂದ ಮುಂದೆ ಹೊಸ ಅಲರ್ಜಿಯ ಕೇಸುಗಳು ವರ್ಷ ವರ್ಷವೂ ಇಳಿದವು. ಔಷಧಿ ಕೊಟ್ಟು ಅಲ್ಲ, ಪೌಡರ್ ನಿಲ್ಲಿಸಿ.

ಅಮೆರಿಕದಲ್ಲಿ ಪಬ್ಲಿಕ್ ಸಿಟಿಜನ್ ಎಂಬ ಗ್ರಾಹಕ ಸಂಘಟನೆ ಪೌಡರ್ ಗ್ಲೌಸ್ ನಿಷೇಧಿಸಿ ಎಂದು 1998ರಲ್ಲೇ ಅರ್ಜಿ ಹಾಕಿತ್ತು. ಎಫ್‌ಡಿಎ ನಿಷೇಧದ ಆದೇಶ ಹೊರಡಿಸಿದ್ದು 2016ರ ಡಿಸೆಂಬರಿನಲ್ಲಿ, ಜಾರಿಗೆ ಬಂದದ್ದು 2017ರ ಜನವರಿ 18ರಂದು. 1971ರ ಎಚ್ಚರಿಕೆ ಚೀಟಿಯಿಂದ ಲೆಕ್ಕ ಹಾಕಿ, 45 ವರ್ಷ! 1889ರ ಚಳಿಗಾಲದಲ್ಲಿ ಒಬ್ಬ ನರ್ಸ್ ಕೈ ತೋರಿಸಿದ್ದಕ್ಕೆ ಕೆಲವೇ ತಿಂಗಳಲ್ಲಿ ಗ್ಲೌಸ್ ತಯಾರಾಗಿತ್ತು.

ಇಷ್ಟು ತಡ ಯಾಕಾಯಿತು ಎಂದು ನಾನು ತುಂಬಾ ಸಲ ಯೋಚಿಸಿದ್ದೇನೆ. ಪೌಡರ್ ಇದ್ದ ಗ್ಲೌಸಿಗೆ ರೇಟು ಕಡಿಮೆ, ಹಾಕಲು ಸುಲಭ. ಗಂಟು ಕಟ್ಟುವ ತೊಂದರೆ ಅಪರೂಪದ್ದು, ಒಬ್ಬ ಸರ್ಜನ್ನಿನ ಇಡೀ ಸರ್ವಿಸಿನಲ್ಲಿ ಒಂದೆರಡು ಕಾಣಬಹುದು, ಕಾಣದೆಯೂ ಹೋಗಬಹುದು. ಬಿಡಿ ಬಿಡಿ ವರದಿಗಳನ್ನು ಒಟ್ಟುಹಾಕಿ ನೋಡುವವರೆಗೆ ಅದರ ಗಾತ್ರ ಗೊತ್ತಾಗುವುದಿಲ್ಲ. ನರ್ಸುಗಳ ತುರಿಕೆಯಂತೂ ಕೆಲಸದ ಒಂದು ಭಾಗ ಎಂದೇ ಎಲ್ಲರೂ ತಿಳಿದಿದ್ದರು. ನರ್ಸುಗಳೂ ಹಾಗೇ ತಿಳಿದಿದ್ದರು. ಕ್ಯಾರೊಲಿನ್ ದೊಡ್ಡ ಮನೆತನದವರು, ಸರ್ಜನ್ನಿಗೆ ಅವರ ಮೇಲೆ ಮನಸ್ಸಿತ್ತು, ಅವರ ಮಾತು ಕೇಳಿಸಿತು. ಉಳಿದವರ ಮಾತು ಕೇಳಬೇಕಾದರೆ ಫೈಲು ಬೇಕಾಯಿತು, ಲೆಕ್ಕ ಬೇಕಾಯಿತು.

ಭಾಗ 7

ಈಗ ಭಾವನಿಗೆ ಉತ್ತರ. ನೀಲಿ ಗ್ಲೌಸ್ ನೈಟ್ರೈಲಿನದ್ದು. ಪೆಟ್ರೋಲಿಯಂನಿಂದ ಸಿಗುವ ಕೆಮಿಕಲ್ಲುಗಳಿಂದ ಮಾಡುತ್ತಾರೆ, ಮರದ ಪ್ರೋಟೀನ್ ಅದರಲ್ಲಿ ಇಲ್ಲ. ಹಾಗೆಂದು ಅದೇ ಕೊನೆಯ ಉತ್ತರವೂ ಅಲ್ಲ. ಗಟ್ಟಿಯಾಗಲು ಸೇರಿಸುವ ಕೆಮಿಕಲ್ಲುಗಳಿಂದ ಕೆಲವರ ಚರ್ಮಕ್ಕೆ ಇದರಲ್ಲೂ ಅಲರ್ಜಿ ಆಗುತ್ತದೆ. ಬಿಸಾಡಿದರೆ ಬೇಗ ಕೊಳೆಯುವುದೂ ಇಲ್ಲ. ಬೆರಳ ತುದಿಗೆ ಸ್ಪರ್ಶ ಚೆನ್ನಾಗಿ ಸಿಗುತ್ತದೆ ಎಂದು ಎಷ್ಟೋ ಸರ್ಜನ್ನುಗಳು ಇವತ್ತಿಗೂ ಬಯಸುವುದು ಲೇಟೆಕ್ಸನ್ನೇ, ಪೌಡರ್ ಇಲ್ಲದ, ಚೆನ್ನಾಗಿ ತೊಳೆದದ್ದನ್ನು. ಹಾಗಾಗಿ ನಮ್ಮ ರಬ್ಬರ್ ಆಸ್ಪತ್ರೆಯಿಂದ ಓಡಿಹೋಗಿಲ್ಲ. ಇನ್ನೊಂದು ವಿಷಯ, ನಾವು ಆ್ಯಸಿಡ್ ಹಾಕಿ ಶೀಟ್ ಮಾಡಿ ಹೊಗೆಗೂಡಲ್ಲಿ ಒಣಗಿಸುವುದು ಹೆಚ್ಚಾಗಿ ಟಯರಿಗೆ ಹೋಗುತ್ತದೆ. ಗ್ಲೌಸಿಗೆ ಬೇಕಾದದ್ದು ಅಮೋನಿಯ ಹಾಕಿ ಹಾಳಾಗದಂತೆ ಇಟ್ಟು, ಯಂತ್ರದಲ್ಲಿ ತಿರುಗಿಸಿ ದಪ್ಪ ಮಾಡಿದ ಹಾಲು.

ನಮ್ಮ ಸುಳ್ಯ, ಪುತ್ತೂರು ಕಡೆಯ ಸರ್ಕಾರಿ ರಬ್ಬರ್ ತೋಟಗಳಲ್ಲಿ 1964ರ ಶಾಸ್ತ್ರಿ-ಸಿರಿಮಾವೋ ಒಪ್ಪಂದದ ನಂತರ ಶ್ರೀಲಂಕಾದಿಂದ ಬಂದ ತಮಿಳು ಕುಟುಂಬಗಳು ನೆಲೆಸಿವೆಯಲ್ಲ, ಅವರ ಮಕ್ಕಳು ಮೊಮ್ಮಕ್ಕಳಲ್ಲಿ ಈಗ ನರ್ಸಿಂಗ್ ಓದುವವರಿದ್ದಾರೆ. ಹಿರಿಯರು ಹಾಲು ತೆಗೆದ ಮರದ ಗ್ಲೌಸನ್ನೇ ಅವರಲ್ಲಿ ಯಾರಾದರೂ ಹಾಕುತ್ತಿರಬಹುದು. ಅವರಿಗೂ, ಊರಿನ ನನ್ನ ಎಲ್ಲ ನರ್ಸ್ ಗೆಳತಿಯರಿಗೂ ಹೇಳುವುದು ಇಷ್ಟು:

ಗ್ಲೌಸ್ ಹಾಕಿದ ಮೇಲೆ ತುರಿಕೆ, ದದ್ದು, ಸೀನು ಬಂದು, ರಜೆಯಲ್ಲಿ ತಾನಾಗಿ ಕಡಿಮೆಯಾಗುತ್ತಿದ್ದರೆ "ನನ್ನ ಚರ್ಮವೇ ಹೀಗೆ" ಎಂದು ಕ್ರೀಂ ಹಚ್ಚಿ ಸುಮ್ಮನಿರಬೇಡಿ. ಚರ್ಮದ ಡಾಕ್ಟರಿಗೆ ತೋರಿಸಿ, ಆಸ್ಪತ್ರೆಗೆ ಬರವಣಿಗೆಯಲ್ಲಿ ಕೊಡಿ. ಬಾಯಲ್ಲಿ ಹೇಳಿದ್ದು ಯಾರ ಲೆಕ್ಕಕ್ಕೂ ಸೇರುವುದಿಲ್ಲ. ಹಾಗಂತ ಗ್ಲೌಸ್ ಬಿಟ್ಟು ಬರಿಗೈಯಲ್ಲಿ ರಕ್ತ ಮುಟ್ಟಬೇಡಿ, ಬೇರೆ ಗ್ಲೌಸ್ ಕೇಳಿ.

ಮನೆಯವರಿಗೆ: ಬಲೂನ್ ಊದಿದರೆ ತುಟಿ ಊದುವವರು, ಬಾಳೆಹಣ್ಣು, ಬೆಣ್ಣೆಹಣ್ಣು, ಕಿವಿಹಣ್ಣು ತಿಂದರೆ ಬಾಯಿ ತುರಿಸುವವರು ಇದ್ದರೆ ಆಪರೇಷನ್, ಹೆರಿಗೆ, ಹಲ್ಲು ಕೀಳಿಸುವ ಮೊದಲು ಡಾಕ್ಟರಿಗೆ ಹೇಳಿ. ಆ ಹಣ್ಣುಗಳಲ್ಲೂ ರಬ್ಬರ್ ಮರದ್ದನ್ನು ಹೋಲುವ ಪ್ರೋಟೀನುಗಳಿವೆ. ತುರಿಸಿದವರಿಗೆಲ್ಲ ರಬ್ಬರ್ ಅಲರ್ಜಿ ಇರುತ್ತದೆ ಎಂದಲ್ಲ, ಆದರೆ ಹೇಳಿದರೆ ಅವರು ಮೊದಲೇ ಪರೀಕ್ಷೆ ಮಾಡಿ ಬೇರೆ ಗ್ಲೌಸ್ ತೆಗೆದಿಡುತ್ತಾರೆ.

ಟ್ಯಾಪಿಂಗ್ ಮಾಡುವವರಲ್ಲಿ, ಹಾಲು ಸೋಸುವವರಲ್ಲಿ ಯಾರಿಗಾದರೂ ಕೈ ತುರಿಕೆ, ದಮ್ಮು ಇದ್ದರೆ ಕಾಮೆಂಟಿನಲ್ಲಿ ಬರೆಯಿರಿ, ಇಲ್ಲಾಂದ್ರೆ ನನಗೆ ಮೆಸೇಜ್ ಹಾಕಿ. ಆ್ಯಸಿಡಿನದ್ದೋ, ಅಮೋನಿಯದ್ದೋ, ಹಾಲಿನದ್ದೋ ಎಂದು ತಿಳಿಯಲು ಯಾವ ಡಾಕ್ಟರಲ್ಲಿಗೆ ಹೋಗಬೇಕು ಎಂದು ಹೇಳುತ್ತೇನೆ. ಮುಂದಿನ ಸಲ ಕೆಥೆಟರಿನ ಕಥೆ. ಅಜ್ಜನಿಗೆ ಹಾಕಿದ್ದಾಗ ಎಲ್ಲರೂ ಹೆದರಿದ್ದಿರಲ್ಲ, ಅದರದ್ದು.